ಖರ್ಚು ಜೂನಿನಲ್ಲಿ, ಕಾಸು ಮಾರ್ಚಿನಲ್ಲಿ: ನನ್ನ ಬ್ಯಾಂಕ್ ಸಂದರ್ಶನದ ತಯಾರಿ

ಗ್ರಾಮೀಣ ಬ್ಯಾಂಕಿನ ಆಫೀಸರ್ ಹುದ್ದೆಗೆ ಮೊದಲ ಸಲ ಸಂದರ್ಶನಕ್ಕೆ ಹೋದಾಗ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) ಹುಟ್ಟಿದ ದಿನ ನನಗೆ ಬಾಯಿಪಾಠ ಆಗಿತ್ತು: 12 ಜುಲೈ 1982. ಗ್ರಾಮೀಣ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರದ್ದು ಶೇ. 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35 ಅನ್ನುವುದೂ ಗೊತ್ತಿತ್ತು. ಇದ್ಯಾವುದನ್ನೂ ಅವರು ಕೇಳಲಿಲ್ಲ. "ಶಿರಸಿಯವರಾ? ಅಡಿಕೆ ಬೆಳೆಗಾರನಿಗೆ ಯಾವ ತಿಂಗಳು ದುಡ್ಡಿನ ತಾಪತ್ರಯ ಜಾಸ್ತಿ?" ಅಂದರು. ನಾನು ರೈತರಿಗೆ ಬೆಳೆಸಾಲ ಕೊಡುವ ಕಿಸಾನ್ ಕ್ರೆಡಿಟ್ ಕಾರ್ಡ್ ಎಂದರೇನು ಅಂತ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಕೇಳಿದವರು ನೀರು ಕುಡಿದರು. ಪಕ್ಕದವರು "ಆಯ್ತು, ನೀವು ಹೋಗಬಹುದು" ಅಂದರು.

ಉತ್ತರ ನನಗೆ ಗೊತ್ತಿತ್ತು, ಹೊಟ್ಟೆ ಉರಿದದ್ದು ಅದಕ್ಕೇ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಹೊಡೆಯುವ ಔಷಧಿಗೆ ಮೈಲುತುತ್ತ, ಸುಣ್ಣ ತರುವುದು ನಾನೇ. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ಡ್ರಮ್ಮಿನಲ್ಲಿ ಕಲಸಿ ಕೊಡುವುದೂ ನಾನೇ. ಕೊಳೆ ರೋಗ ನಮಗಾಗಿ ಕಾಯುವುದಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೂಲಿಯನ್ನೂ ಬಾಕಿ ಇಡುವ ಹಾಗಿಲ್ಲ. ಕೊಯ್ಲು ಮಾತ್ರ ಮಳೆಗಾಲ ಕಳೆದ ಮೇಲೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾಡುವವರಾದರೆ ಹಣ್ಣಡಿಕೆ ಒಂದೂವರೆ ತಿಂಗಳು ಬಿಸಿಲಲ್ಲಿ ಒಣಗಬೇಕು, ಸುಲಿಯಬೇಕು, ಆಮೇಲೆ ಮಾರಾಟ. ಖರ್ಚು ಜೂನಿನಲ್ಲಿ, ನಮ್ಮ ಮನೆಗೆ ಕಾಸು ಬರುವುದು ಮಾರ್ಚಿನ ಹೊತ್ತಿಗೆ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಇದನ್ನು ನಾನು ಎಲ್ಲೂ ಓದಿರಲಿಲ್ಲವಲ್ಲ, ಹಾಗಾಗಿ ಇದೂ ಒಂದು ಉತ್ತರ ಅಂತ ಹೊಳೆಯಲೇ ಇಲ್ಲ.

ಈ ಹುದ್ದೆಗೆ ಲಿಖಿತ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ಆ 20 ಅಂಕದಲ್ಲೇ ನನ್ನ ಒಂದು ವರ್ಷ ಹೋಯಿತು.

ಮುಂದಿನ ವರ್ಷ ಮತ್ತೆ ಲಿಖಿತ ಪಾಸಾಯಿತು. ಈ ಸಲ ಮೊದಲು ಎದುರಿಗಿಟ್ಟುಕೊಂಡದ್ದು ನನ್ನದೇ ಬಯೋಡೇಟಾ. ಹವ್ಯಾಸ: ಓದುವುದು. ಶುದ್ಧ ಸುಳ್ಳು! ಅದನ್ನು ಹೊಡೆದು 'ಯಕ್ಷಗಾನ ನೋಡುವುದು' ಅಂತ ಬರೆದೆ. ಬರೆದ ಮೇಲೆ ಹೆದರಿಕೆಯಾಯಿತು. ಯಕ್ಷಗಾನದ ಎರಡು ಶೈಲಿಗಳಾದ ಬಡಗುತಿಟ್ಟಿಗೂ ತೆಂಕುತಿಟ್ಟಿಗೂ ಏನು ವ್ಯತ್ಯಾಸ ಅಂತ ಕೇಳಿದರೆ? ಅದೊಂದಕ್ಕೇ ಪಕ್ಕದ ಮನೆಯ ಮದ್ದಳೆಗಾರರ ಜಗಲಿಯಲ್ಲಿ ಎರಡು ಸಂಜೆ ಕೂತೆ. ಡಿಗ್ರಿ ಮುಗಿದ ಮೇಲಿನ ಮೂರು ವರ್ಷ ಏನು ಮಾಡಿದೆ ಅನ್ನುವುದನ್ನು ಹೋದ ಸಲ ಮುಚ್ಚಿಡಲು ನೋಡಿದ್ದೆ. ಈ ಸಲ ತೋಟದ ಲೆಕ್ಕ ಬರೆದುಕೊಂಡೆ.

ಲೆಕ್ಕ ಅಂದ ಮೇಲೆ ಅಪ್ಪನ ಸೊಸೈಟಿ ಪಾಸ್‌ಬುಕ್ ಬೇಕೇ ಬೇಕಲ್ವಾ? ಕೂತು ನೋಡಿದಾಗ ಒಂದು ಪ್ರಶ್ನೆ ತಾನಾಗಿ ಎದ್ದಿತು. ಸಹಕಾರಿ ಸಂಘಗಳಲ್ಲಿ ಅಲ್ಪಾವಧಿ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. 2023ರ ರಾಜ್ಯ ಬಜೆಟ್ಟಿನಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ 3 ಲಕ್ಷದವರೆಗೆ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ 3 ಕಡಿಮೆ. ಅಂದರೆ 2 ಲಕ್ಷಕ್ಕೆ ವರ್ಷಕ್ಕೆ 14,000 ಬದಲು 8,000. ಸೊನ್ನೆ ಬಡ್ಡಿ ಬಿಟ್ಟು 8,000 ಕಟ್ಟಲು ಯಾರು ಬರುತ್ತಾರೆ? ಅಪ್ಪನನ್ನು ಕೇಳಿದೆ. "ಬೆಳೆಸಾಲಕ್ಕೆ ನಾನಂತೂ ಬರುವುದಿಲ್ಲ. ನಿನ್ನ ತಂಗಿಯ ಓದಿಗೆ, ಅಡಿಕೆ ಡ್ರೈಯರಿಗೆ ಬಂದೇನು" ಅಂದರು. ಯಾವ ಗೈಡಿನಲ್ಲೂ ನನಗೆ ಇಂಥ ಉತ್ತರ ಸಿಕ್ಕಿರಲಿಲ್ಲ.

ಘಟ್ಟದ ಮೇಲಿನವರಿಗೆ ಕೆಳಗಿನ ಕರಾವಳಿಯ ಸಂಗತಿ ಅಷ್ಟಾಗಿ ಗೊತ್ತಿರುವುದಿಲ್ಲ. ಜುಲೈನಲ್ಲಿ ಕಾರವಾರದ ನೆಂಟರ ಮನೆಗೆ ಹೋದಾಗ ಬೈತಖೋಲ್ ಬಂದರಿಗೆ ಸುಮ್ನೆ ಸುತ್ತಾಡಲು ಹೋದೆ. ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿದ್ದವು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ದುಡಿಮೆ ನಿಂತಿದ್ದರೂ ಬಲೆ, ಇಂಜಿನ್ ರಿಪೇರಿಗೆ ದುಡ್ಡು ಹೋಗುವುದು ಆಗಲೇ. ನಮ್ಮ ಜೂನಿನ ಕಥೆಯೇ! 2018–19ರಿಂದ ಕಿಸಾನ್ ಕಾರ್ಡ್ ಮೀನುಗಾರರಿಗೂ ಸಿಗುತ್ತದೆ ಅನ್ನುವುದನ್ನು ಹಿಂದೆ ಓದಿದ್ದೆ. ಯಾಕೆ ಬೇಕು ಅಂತ ಅರ್ಥವಾದದ್ದು ಅಲ್ಲಿ ನಿಂತಾಗ.

ಮಾತಿನ ಅಭ್ಯಾಸ ದೊಡ್ಡಮ್ಮನ ಎದುರು. ಅವರು ಅಡಿಕೆ ಸುಲಿಯುತ್ತಾ ಪ್ರಶ್ನೆ ಕೇಳುತ್ತಿದ್ದರು, ನಾನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನಾಲ್ಕು ನಿಮಿಷದಲ್ಲಿ ಹನ್ನೊಂದು 'ಬೇಸಿಕಲಿ'. ದೊಡ್ಡಮ್ಮ ಅಂತೂ "ಯಾರದು ಬೇಸಿಕಲಿ?" ಅಂತ ಕೇಳಿದರು. ಬಟ್ಟೆ, ದಾಖಲೆ ಇತ್ಯಾದಿ ಹೇಳುವಂಥದ್ದೇನಿಲ್ಲ. ಒಂದು ಮಾತು ಮಾತ್ರ: ಮಲೆನಾಡಿನವರು ಶೂ ಡಬ್ಬಿಯನ್ನು ಒಂದು ವಾರ ಮುಂಚೆಯೇ ತೆರೆದು ನೋಡಿ. ನನ್ನ ಕಪ್ಪು ಶೂ ಬೂಸ್ಟು ಹಿಡಿದು ಹಸಿರಾಗಿತ್ತು.

ಎರಡನೇ ಸಂದರ್ಶನ ಸುಮಾರು ಹದಿನೈದು ನಿಮಿಷ ನಡೆಯಿತು. ಸೊಸೈಟಿಯ ಪ್ರಶ್ನೆ ಬಂತು. ಅಪ್ಪ ಅಂದದ್ದನ್ನೇ ಹೇಳಿದೆ, ಒಬ್ಬರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಎಕರೆಗೆ ಎಷ್ಟು ಅಡಿಕೆ ಮರ ಅಂದರು. 9 ಅಡಿಗೆ ಒಂದರಂತೆ 540ರ ಹತ್ತಿರ ಅಂದೆ. "ನಿಮ್ಮ ತೋಟದಲ್ಲಿ?" ಅಂದರು. "ಎಣಿಸಿಲ್ಲ ಸರ್" ಅಂದೆ. ನಕ್ಕರು. ಯಕ್ಷಗಾನದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಕೆಲಸ ಸಿಕ್ಕಿತು. ಮೊದಲ ಪೋಸ್ಟಿಂಗ್ ಕೊಪ್ಪಳದ ಕಡೆ. ನನ್ನ ಶಾಖೆಯ ಹಳ್ಳಿಗಳಲ್ಲಿ ದಾಳಿಂಬೆ ಬೆಳೆಯುತ್ತಾರೆ. ಮೊದಲ ದಿನವೇ ಒಬ್ಬ ರೈತರ ಹೊಲಕ್ಕೆ ಹೋಗಿ, ನಿಮಗೆ ಯಾವ ತಿಂಗಳು ದುಡ್ಡಿನ ತಾಪತ್ರಯ ಜಾಸ್ತಿ ಅಂತ ಕೇಳಿದೆ.