ಒಬ್ಬರಿಗೆ ಒಂದೇ ಹಾಡು

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾತ್ರಿ ಊಟವಾದ ಮೇಲೆ ಮಾಳಿಗೆ ಹತ್ತಿ ಹೊಸ ಹಾಡು ಹುಡುಕುವುದು ಏಳೆಂಟು ವರ್ಷದ ರೂಢಿ. ಸಿನಿಮಾದ ನೆರಳಿಲ್ಲದೆ, ತಾವೇ ಬರೆದು ತಾವೇ ಖರ್ಚು ಹಾಕಿ ಹಾಡುವವರೆಂದರೆ ನನಗೆ ಬಲು ಪ್ರೀತಿ.

ಮೊದಮೊದಲು ಆ್ಯಪ್ ತೋರಿಸಿದ್ದನ್ನೇ ಕೇಳುತ್ತಿದ್ದೆ. ಒಂದು ಕೇಳಿದರೆ ಅದರಂಥದ್ದೇ ಇನ್ನೊಂದು ಬರುತ್ತಿತ್ತು. ಆರು ತಿಂಗಳು ಒಂದೇ ಓಣಿಯಲ್ಲಿ ಸುತ್ತಿದಂತಾಯಿತು. ಆಮೇಲೆ ಹಾಡಿನ ಕೆಳಗಿನ ಹೆಸರುಗಳನ್ನು ಓದತೊಡಗಿದೆ. ಡ್ರಮ್ಸ್ ಯಾರದು, ಮಿಕ್ಸಿಂಗ್ ಯಾರದು? ಆ ಹೆಸರು ಹಿಡಿದು ಹೋದರೆ ಅವರು ನುಡಿಸಿದ ಬೇರೆ ತಂಡ ಸಿಗುತ್ತದೆ, ಎಷ್ಟೋ ಸಲ ಅದು ಬೇರೆ ಜಾತಿಯ ಸಂಗೀತವೇ ಆಗಿರುತ್ತದೆ. ಜನಪದಕ್ಕೆ ರಾಕ್ ಬೆರೆಸುವ ಸ್ವರಾತ್ಮ ತಂಡದ ಗಾಯಕ ವಾಸು ದೀಕ್ಷಿತರ ದನಿಯ ಬೆನ್ನು ಹತ್ತಿ ಹೊರಟವನು ಅವರದೇ ಇನ್ನೊಂದು ತಂಡದ ದಾಸರ ಪದ, ಕಬೀರರಿಗೆ ಬಂದು ಮುಟ್ಟಿದೆ. ಹಾಡುವವರಿಂದಲೇ ನೇರವಾಗಿ ಹಾಡು ಕೊಳ್ಳುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರು ಹಾಕಿಯೂ ಹುಡುಕಬಹುದು.

ಇಷ್ಟವಾದ ಹಾಡನ್ನು ಮೂರು ಬೇರೆ ಬೇರೆ ದಿನ ಕೇಳುತ್ತೇನೆ. ಅದರಲ್ಲಿ ಒಮ್ಮೆ ಮೊಬೈಲ್ ಸ್ಪೀಕರಿನಲ್ಲಿ, ಏಕೆಂದರೆ ನಮ್ಮ ಮಂದಿ ಹೆಚ್ಚಾಗಿ ಕೇಳುವುದು ಹಾಗೆಯೇ.

ಹುಡುಕುವುದಕ್ಕಿಂತ ಇನ್ನೊಬ್ಬರಿಗೆ ಕೇಳಿಸುವುದು ಕಷ್ಟ. ರ‍್ಯಾಪ್ ಬೇಕೆಂದ ಹುಡುಗಿಯೊಬ್ಬಳಿಗೆ ಒಮ್ಮೆಗೇ ಹತ್ತು ಹಾಡು ಕಳಿಸಿದ್ದೆ, ಅವಳು ಒಂದನ್ನೂ ಕೇಳಲಿಲ್ಲ. ಅಂದಿನಿಂದ ಒಬ್ಬರಿಗೆ ಒಂದೇ ಹಾಡು. ಕಳಿಸುವ ಮೊದಲು ಕೇಳುತ್ತೇನೆ: “ಇತ್ತೀಚೆಗೆ ಯಾವ ಹಾಡು ಎರಡೆರಡು ಸಲ ಹಚ್ಚಿಕೊಂಡು ಕೇಳೀರಿ?” ಉತ್ತರದಲ್ಲೇ ದಾರಿ ಸಿಗುತ್ತದೆ.

ಜೇವರ್ಗಿ ಕಡೆಯ ಹಳ್ಳಿಯಲ್ಲಿರುವ ನಮ್ಮ ಕಾಕಾ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು. ಅವರಿಗೆ ತಿನಾರಿವೆನ್ ತಂಡದ ಹಾಡು ಹಚ್ಚಿದೆ. ಊರು, ಭಾಷೆ ಏನೂ ಹೇಳಲಿಲ್ಲ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ, ನಡುವೆ ಚಪ್ಪಾಳೆ. ಕಾಕಾನ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು.

“ಭಾಷಾ ಯಾವುದೋ ಗೊತ್ತಿಲ್ಲ ತಮ್ಮಾ, ಖರೆ ಇವರು ಕುಂತು ಹಾಡೋದು ನಮ್ಹಂಗೇ ಅದ. ಇನ್ನೊಮ್ಮೆ ಹಚ್ಚು.”

ಸಹಾರಾ ಮರುಭೂಮಿಯ ತುವಾರೆಗ್ ಜನ, ತಮಾಶೆಕ್ ಭಾಷೆ, ನುಡಿಸುವುದು ಎಲೆಕ್ಟ್ರಿಕ್ ಗಿಟಾರ್ ಎಂದು ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಕಿವಿಗಿಂತ ಮುಂಚೆ ತಲೆ ಕೆಲಸ ಮಾಡುತ್ತಿತ್ತು ಎಂಬುದು ನನ್ನ ನಂಬಿಕೆ.

ಬಂದೇನವಾಜ್ ಉರುಸಿನಲ್ಲಿ ಬೆಳಗಿನವರೆಗೆ ಕವ್ವಾಲಿ ಕೇಳುವ ಗೆಳೆಯನಿಗೆ ಉರ್ದು, ಕಾಶ್ಮೀರಿಯಲ್ಲಿ ಹಾಡುವ ಬೆಂಗಳೂರಿನ ರಾಕ್ ತಂಡ ಪರ್ವಾಜ್‌ನ ಹಾಡು ಕೊಟ್ಟೆ. ಗಿಟಾರಿನ ಅಬ್ಬರ ಅವನಿಗೆ ಹಿಡಿಸಲಿಲ್ಲ. ಅವರದೇ ನಿಧಾನದ ಹಾಡೊಂದು ಕಳಿಸಿದಾಗ ಸಾಲುಗಳ ಅರ್ಥ ಕೂತು ಬಿಡಿಸಿ ಹೇಳಿದವನು ಅವನೇ.

ದುಡ್ಡಿನ ಮಾತನ್ನೂ ನಾನು ಎಲ್ಲರಿಗೂ ಹೇಳುತ್ತೇನೆ. 2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ರಾಯಧನ ಕೊಡುವುದಿಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಹಾಡು ಕೊಂಡರೆ ಅವರು ಹಿಡಿದುಕೊಳ್ಳುವ ಪಾಲು ಸಾಮಾನ್ಯವಾಗಿ ಶೇ 15. 2020ರ ಮಾರ್ಚ್‌ನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ಗಳಲ್ಲಿ ಆ ಪಾಲನ್ನೂ ಬಿಡುತ್ತಾರೆ. ಮನಸ್ಸಿಗೆ ಹತ್ತಿದ ಆಲ್ಬಂಗಳನ್ನು ಅಂಥ ಶುಕ್ರವಾರಕ್ಕೆಂದೇ ಬರೆದಿಟ್ಟು ಕೊಳ್ಳುತ್ತೇನೆ.

ಕಳೆದ ತಿಂಗಳು ಕಾಕಾ ಫೋನ್ ಮಾಡಿದ್ದರು. ಭಜನೆಗೆ ಬರುವ ಹುಡುಗರಿಗೂ ಕೇಳಿಸಬೇಕಂತೆ, ಆ ಮರುಭೂಮಿಯವರ ಇನ್ನೊಂದು ಹಾಡು ಹುಡುಕಿಕೊಡು ಅಂದರು. ಹುಡುಕುತ್ತಿದ್ದೇನೆ.