ಮೊದಲು ನೌಕರರ ಕಡತ ಮುಗಿಸಿದೆವು

ಬೆಂಗಳೂರಿನ ನಮ್ಮ ದೊಡ್ಡ ಸರ್ಕಾರಿ ಕಚೇರಿಯಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಯೋಗ ಶಿಬಿರ, ಪ್ರಶಂಸಾ ಪತ್ರ ಎಲ್ಲ ಆಗಿತ್ತು. ಆಡಳಿತ ಶಾಖೆಗೆ ಬಂದ ಮೇಲೆ ನಾನು ನೌಕರರ ರಜೆ, ಬಡ್ತಿಯನ್ನೆಲ್ಲ ಬರೆದಿಡುವ ಸೇವಾ ಪುಸ್ತಕಗಳನ್ನು ತೆಗೆಸಿ ನೋಡಿದೆ. ಜನವರಿ 1, ಜುಲೈ 1ಕ್ಕೆ ಜಮಾ ಆಗಬೇಕಾದ ಗಳಿಕೆ ರಜೆಯನ್ನೇ ಎಷ್ಟೋ ಪುಟಗಳಲ್ಲಿ ಬರೆದಿರಲಿಲ್ಲ. ಬಡ್ತಿಯಿಲ್ಲದೆ 10 ವರ್ಷ ಒಂದೇ ಹುದ್ದೆಯಲ್ಲಿದ್ದವರಿಗೆ ಸಿಗುವ ಕಾಲಬದ್ಧ ಮುಂಬಡ್ತಿಯ ಕಡತಗಳು ಸುಮ್ನೆ ಬಿದ್ದಿದ್ದವು. ಜನರ ಅರ್ಜಿ ತಡವಾದರೆ, ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯಲ್ಲಿ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಬೇಕು. ನಮ್ಮವರ ಕಡತಕ್ಕೂ ಅಷ್ಟೇ ಬೆಲೆ ಬೇಡ್ವಾ?

ಶುಕ್ರವಾರ ಮಧ್ಯಾಹ್ನವನ್ನು ಇದಕ್ಕೇ ಮೀಸಲಿಟ್ಟೆವು. ಸೂಪರಿಂಟೆಂಡೆಂಟ್ ಮೇಡಂ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನಮೂದು ತೋರಿಸಿ ಸಹಿ ಮಾಡಿಸಿದರು. ‘ನನ್ನ ಪುಸ್ತಕ ಇವತ್ತೇ ನೋಡಿದ್ದು ಮೇಡಂ’ ಅಂದರು ನಮ್ಮ ಡ್ರೈವರ್ ಅಣ್ಣ.

ಈಗ ಕೌಂಟರಿನಲ್ಲಿ ಸಿಡುಕು ಎಷ್ಟೋ ಕಡಿಮೆಯಾಗಿದೆ. ವರ್ಗಾವಣೆಯ ಬೇಸರ ಮಾತ್ರ ಹಾಗೇ ಇದೆ, ಅದು ನಮ್ಮ ಕೈಲಿಲ್ಲ.