ಆಟಿಯ ಮಳೆಯಲ್ಲೂ ದೋಣಿಯೊಳಗೆ ಬೂಷ್ಟಿಲ್ಲ: ನನ್ನ ಅನುಭವ

ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಹಾಯಿದೋಣಿ ನಿಲ್ಲಿಸಿ ಅದರಲ್ಲೇ ಇರುತ್ತೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಬೇಸಿಗೆಗೆ ಅಡ್ಡಿಯಿಲ್ಲ, ಆಟಿ (ತುಳುನಾಡಿನ ಜೋರು ಮಳೆಯ ತಿಂಗಳು) ಬಂದರೆ ಹಾಸಿಗೆ ಕೊಳೆತು ದಡ ಹತ್ತುತ್ತೀಯ. ಈ ಸಲ ಆಟಿ ಪೂರ್ತಿ ದೋಣಿಯಲ್ಲೇ ಕಳೆದೆ. ಹಾಸಿಗೆ ಬೆಚ್ಚಗಿದೆ, ಪುಸ್ತಕಕ್ಕೆ ಬೂಷ್ಟು ಹಿಡಿದಿಲ್ಲ.

ದೋಣಿ 26 ಅಡಿಯ ಫೈಬರಿನದ್ದು. ಮೊದಲ ಮಳೆಗಾಲದಲ್ಲಿ ತೇವ ಹೀರುವ ಡಬ್ಬಿಗಳಿಗೇ ತಿಂಗಳಿಗೆ 1,500 ರೂಪಾಯಿ ಹತ್ತಿರ ಹೋಯಿತು. ಇಟ್ಟಷ್ಟು ಬೇಗ ನೀರು ತುಂಬುತ್ತಿದ್ದವು. ಆಮೇಲೆ 12 ವೋಲ್ಟಿನ ಫ್ಯಾನ್ ಹಾಕಿದೆ. ಮೋಡ ಕವಿದ ವಾರಗಳಲ್ಲಿ ಸೋಲಾರ್ ಎಲ್ಲಿ ಸಾಕಾಗುತ್ತದೆ? ಬ್ಯಾಟರಿ ಕೆಟ್ಟು ಎಂಟು ಸಾವಿರ ಕೈಬಿಟ್ಟಿತು. ಇದ್ದಲಿನ ಚೀಲ, ಲಾವಂಚ ಎಲ್ಲ ಆಯಿತು. ಲಾವಂಚದಿಂದ ಪರಿಮಳ ಬಂತು, ಅಷ್ಟೇ.

ದಾರಿ ಸಿಕ್ಕಿದ್ದು ದೋಣಿ ನಿಲ್ಲುವ ದಿಕ್ಕಿನಿಂದ. ಗಾಳಿ ಹಿಡಿದು ಒಳಗೆ ಬಿಡುವ ಬಟ್ಟೆಯನ್ನು ಮುಂದಿನ ಹ್ಯಾಚ್‌ಗೆ, ಅಂದರೆ ಮಾಡಿನ ಮುಚ್ಚಳದ ಕಿಂಡಿಗೆ, ಕಟ್ಟು ಅನ್ನುತ್ತಾರೆ. ಲಂಗರಿನ ಮೇಲೆ ದೋಣಿ ಗಾಳಿಗೆ ಮುಖ ಮಾಡಿದರೆ ಅದು ಸರಿ. ಮಳೆಗಾಲದ ಹೊಳೆಯಲ್ಲಿ ಕಡಲಿಗೆ ಹರಿಯುವ ಸೆಳೆತವೇ ಜೋರು, ದೋಣಿ ಅದಕ್ಕೇ ಮುಖ ಮಾಡುತ್ತದೆ. ಹೆಚ್ಚಿನ ಹೊತ್ತು ಮೂತಿ ಪೂರ್ವಕ್ಕೆ, ಗಾಳಿ ಕಡಲ ಕಡೆಯಿಂದ. ಅಂದರೆ ಹಿಂದಿನಿಂದ! ಹಾಗಾಗಿ ಎಲ್ಲವನ್ನೂ ತಿರುವು ಮುರುವು ಮಾಡಿದೆ. ಗಾಳಿ ಹಿಂದಿನ ಬಾಗಿಲಲ್ಲಿ ಒಳಗೆ ಬರಬೇಕು, ಮುಂದಿನ ಹ್ಯಾಚಿನಲ್ಲಿ ಹೊರಗೆ ಹೋಗಬೇಕು. ಹ್ಯಾಚ್ ಮುಂದಕ್ಕೆ ಬಾಯಿ ತೆರೆಯುವ ಹಾಗೆ ಕೀಲು ಬದಲಾಯಿಸಿದೆ. ಊದುಬತ್ತಿ ಹಚ್ಚಿಟ್ಟರೆ ಹೊಗೆ ಹಾಸಿಗೆಯ ಮೇಲಿನಿಂದ ನೆಟ್ಟಗೆ ಹ್ಯಾಚಿಗೆ ಹೋಗುತ್ತದೆ.

ಮಳೆಗೆ ಏನು ಮಾಡಿದೆ ಅಂತೀರಾ? ಸೇತುವೆ ದಾಟಲು ಹಾಯಿಕಂಬ ಹೇಗೂ ಇಳಿಸಬೇಕು. ಅದನ್ನು ಎರಡು ಕವೆಗಳ ಮೇಲೆ ಮಲಗಿಸಿ, ಉದ್ದಕ್ಕೂ ಟಾರ್ಪಾಲು ಹೊದೆಸಿದೆ. ಹಗ್ಗ, ಹೊಲಿಗೆ ಸೇರಿ ಏಳು ಸಾವಿರ ದಾಟಿಲ್ಲ. ಹಿಂಬದಿಯಲ್ಲಿ ಎರಚಲು ತಡೆದು ಗಾಳಿ ಮಾತ್ರ ಬಿಡಲು ಏನು ಕಟ್ಟಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಜಡಿಮಳೆಯಲ್ಲಿ ಹ್ಯಾಚ್ ತೆರೆದಿಟ್ಟು ಮಲಗುವ ಸುಖ ದಡದ ಮನೆಯಲ್ಲಿ ನನಗೆ ಸಿಕ್ಕಿಲ್ಲ.

ನೀರೂ ಅದೇ ಟಾರ್ಪಾಲಿನಿಂದ. 15 ಚದರ ಮೀಟರಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 150 ಲೀಟರ್ ಆಯಿತಲ್ವಾ? ಮೊದಲ ಹತ್ತು ನಿಮಿಷದ್ದು ಚೆಲ್ಲಿಬಿಡಿ, ಹಕ್ಕಿ ಹಿಕ್ಕೆ ಇರುತ್ತದೆ. ಜೂನ್‌ನಿಂದ ಕ್ಯಾನ್ ನೀರು ಕೊಂಡಿಲ್ಲ.

ಒಳಗಿನ ತೇವಕ್ಕೆ ಕುಚ್ಚಲಕ್ಕಿಯೂ ಕಾರಣ. ಅದು ಬೇಯುವಷ್ಟು ಹೊತ್ತು ಹಬೆಯೆಲ್ಲ ಗೋಡೆಗೆ. ಈಗ ಹೊರಗೆ ಕಾಕ್‌ಪಿಟ್‌ನಲ್ಲಿ (ದೋಣಿ ನಡೆಸಲು ಕೂರುವ ತೆರೆದ ಜಾಗ) ಕಾಲು ಗಂಟೆ ಕುದಿಸಿ, ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನಲ್ಲಿ ಇಡುತ್ತೇನೆ. ಗ್ಯಾಸ್ ಅರ್ಧಕ್ಕೆ ಇಳಿಯಿತು.

ಬೇಸಿಗೆಯ ಉಪ್ಪುನೀರಲ್ಲಿ ತಳಕ್ಕೆ ಹತ್ತಿದ್ದ ಬಾರ್ನಕಲ್‌ಗಳು (ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿಗಳು) ಮಳೆಯ ಸಿಹಿನೀರಿಗೆ ಸತ್ತಿವೆ. ಚಿಪ್ಪು ಕೆರೆಯುವುದಷ್ಟೇ ಬಾಕಿ. ಮರದ ಚುಕ್ಕಾಣಿಯ ಒಂದು ಬದಿಗೆ ಗೇರುಬೀಜದ ಸಿಪ್ಪೆ ಎಣ್ಣೆ, ಇನ್ನೊಂದು ಬದಿಗೆ ಪೇಂಟ್ ಹಚ್ಚಿದ್ದೇನೆ. ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಯಾವುದು ಬಾರ್ನಕಲ್ ತಡೆಯುತ್ತದೆ ಅಂತ ನೀರು ಮತ್ತೆ ಉಪ್ಪಾದ ಮೇಲೆ ನೋಡಬೇಕು.